1924–29ರ ಜರ್ಮನಿಯ ಚೇತರಿಕೆ ನಿಜವಾಗಿದ್ದರೆ ಮತದಾರರು ದೂರ ಸರಿದದ್ದೇಕೆ?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಮ್ಮ ಪಠ್ಯದಲ್ಲಿ 1924ರಿಂದ 1929ರವರೆಗಿನ ಜರ್ಮನಿಯನ್ನು ‘ಸುವರ್ಣ ವರ್ಷಗಳು’ ಎಂದು ಕರೆದು ಅರ್ಧ ಪುಟದಲ್ಲಿ ಮುಗಿಸಿದ್ದಾರೆ. ಮುಂದಿನ ಪುಟದಲ್ಲಿ ಅಮೆರಿಕದ ಷೇರುಪೇಟೆ ಕುಸಿಯುತ್ತದೆ, ಅದರ ಬೆನ್ನಿಗೇ ಹಿಟ್ಲರ್ ಬರುತ್ತಾನೆ. ವಿದ್ಯಾರ್ಥಿನಿಯೊಬ್ಬಳು, “ಐದು ವರ್ಷ ದೇಶ ಚೆನ್ನಾಗಿಯೇ ಇತ್ತು ಅಂದಮೇಲೆ ಒಂದೇ ಏಟಿಗೆ ಎಲ್ಲ ಕುಸಿದದ್ದು ಹೇಗೆ ಸರ್? ಆ ಚೇತರಿಕೆಯೇ ಸುಳ್ಳಾಗಿತ್ತೇ?” ಎಂದು ಕೇಳಿದಳು. ನನಗೆ ತೃಪ್ತಿಕರ ಉತ್ತರ ಕೊಡಲಾಗಲಿಲ್ಲ. 1923ರ ಹಣದುಬ್ಬರವೇ ಹಿಟ್ಲರನನ್ನು ತಂದಿತು ಎನ್ನುವವರೂ ಇದ್ದಾರೆ. ಅದು ಎಷ್ಟರಮಟ್ಟಿಗೆ ಸರಿ?

ಉತ್ತರ: ನಿಮ್ಮ ವಿದ್ಯಾರ್ಥಿನಿ ಪಠ್ಯಪುಸ್ತಕ ಬರೆದವರಿಗಿಂತ ಚುರುಕಾಗಿದ್ದಾಳೆ. ಅವಳು ಬೆರಳಿಟ್ಟಿರುವುದು ಆ ಎರಡು ಪುಟಗಳ ನಡುವಿನ ಸಂದಿನ ಮೇಲೆ, ಮತ್ತು ಆ ಸಂದಿನಲ್ಲೇ ವಿಷಯವಿದೆ. ಚೇತರಿಕೆ ಸುಳ್ಳಾಗಿರಲಿಲ್ಲ, ಕಾರ್ಖಾನೆ, ಕೂಲಿ, ಮನೆ, ವಿಮೆ ಯಾವ ಕಡೆಯಿಂದ ನೋಡಿದರೂ ಅದು ಕಣ್ಣಿಗೆ ಕಾಣುವಷ್ಟು ನಿಜವಾಗಿತ್ತು. ಆದರೆ ಆ ಚೇತರಿಕೆಗೆ ಅಡಿಪಾಯ ಹಾಕುವಾಗ ಹಳೆಯ ಸಾಲಗಳ ಲೆಕ್ಕವನ್ನು ಚುಕ್ತಾ ಮಾಡಿದ ರೀತಿಯಿಂದ ಯಾರು ಕೈ ಸುಟ್ಟುಕೊಂಡರೋ ಅವರು, ಮತ್ತು ಚೇತರಿಕೆಯ ಫಲ ತಲುಪದ ಹಳ್ಳಿಗಳವರು, 1929ರ ಅಕ್ಟೋಬರ್ ಬರುವ ಮೊದಲೇ ವೈಮಾರ್ ಗಣರಾಜ್ಯದ (ಮೊದಲ ಮಹಾಯುದ್ಧದ ಬಳಿಕ ಚಕ್ರವರ್ತಿಯ ಆಳ್ವಿಕೆ ಹೋಗಿ ಬಂದ ಜರ್ಮನ್ ಗಣರಾಜ್ಯದ) ಮಧ್ಯಮಮಾರ್ಗಿ ಪಕ್ಷಗಳಿಂದ ಹೊರಬಿದ್ದಿದ್ದರು. ಷೇರುಪೇಟೆಯ ಕುಸಿತ ಅವರನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಅಷ್ಟರಲ್ಲಾಗಲೇ ಅವರು ಬೀದಿಯಲ್ಲಿ ನಿಂತು ಬೇರೆ ಮನೆ ಹುಡುಕುತ್ತಿದ್ದರು.

ಇದನ್ನು ತೋರಿಸಲು 1923ರಿಂದಲೇ ಆರಂಭಿಸಬೇಕು. ಆ ವರ್ಷದ ಜನವರಿಯಲ್ಲಿ, ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಕೊಡಬೇಕಿದ್ದ ಯುದ್ಧ ಪರಿಹಾರದ ಕಂತು ಸರಿಯಾಗಿ ಸಂದಾಯವಾಗಿಲ್ಲವೆಂಬ ಕಾರಣ ಕೊಟ್ಟು ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ಕಲ್ಲಿದ್ದಲು ಮತ್ತು ಉಕ್ಕಿನ ನಾಡಾದ ರೂರ್ ಪ್ರದೇಶವನ್ನು ಆಕ್ರಮಿಸಿಕೊಂಡವು. ಬರ್ಲಿನ್ ಸರ್ಕಾರ ಅಲ್ಲಿನ ಕಾರ್ಮಿಕರಿಗೆ ಅಸಹಕಾರದ ಕರೆ ಕೊಟ್ಟು, ಕೆಲಸ ನಿಲ್ಲಿಸಿದವರಿಗೆ ನೋಟು ಮುದ್ರಿಸಿಯೇ ಸಂಬಳ ಕೊಟ್ಟಿತು. ಯುದ್ಧಕಾಲದಿಂದಲೇ ಏರುತ್ತಿದ್ದ ಬೆಲೆಗಳು ಈಗ ಕಡಿವಾಣ ಹರಿದುಕೊಂಡವು. ನವೆಂಬರ್ 20ರ ಹೊತ್ತಿಗೆ ಒಂದು ಡಾಲರಿನ ಬೆಲೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು. ಆಗಸ್ಟ್‌ನಲ್ಲಿ ಚಾನ್ಸಲರ್ ಆದ ಗುಸ್ಟಾವ್ ಸ್ಟ್ರೆಸೆಮನ್ ಸೆಪ್ಟೆಂಬರ್ 26ರಂದು ಅಸಹಕಾರವನ್ನು ನಿಲ್ಲಿಸಿದರು. ಇದು ಶರಣಾಗತಿಯೆಂದು ಬಲಪಂಥದವರು ಬೊಬ್ಬೆ ಹಾಕಿದರೂ ಬೇರೆ ದಾರಿ ಇರಲಿಲ್ಲ. ನವೆಂಬರ್ 15ರಂದು ‘ರೆಂಟನ್‌ಮಾರ್ಕ್’ ಎಂಬ ಹೊಸ ಹಣ ಚಲಾವಣೆಗೆ ಬಂತು. ದೇಶದ ಬೇಸಾಯದ ಜಮೀನು ಮತ್ತು ಉದ್ದಿಮೆಗಳ ಆಸ್ತಿಯನ್ನೇ ಅದಕ್ಕೆ ಒತ್ತೆಯೆಂದು ಘೋಷಿಸಲಾಗಿತ್ತಾದರೂ, ನೋಟು ಹಿಡಿದು ಹೋಗಿ ಯಾರೂ ಹೊಲದ ತುಂಡನ್ನು ಕೇಳುವಂತಿರಲಿಲ್ಲ. ಅದು ನಿಂತದ್ದು ಎರಡೇ ಕಾರಣಕ್ಕೆ: ನೋಟುಗಳ ಒಟ್ಟು ಮೊತ್ತಕ್ಕೆ ಕಟ್ಟುನಿಟ್ಟಿನ ಮಿತಿ ಇತ್ತು, ಮತ್ತು ಹಣಕಾಸು ಮಂತ್ರಿ ಹಾನ್ಸ್ ಲೂಥರ್ ಹಾಗೂ ಹಣದ ವಿಶೇಷಾಧಿಕಾರಿ ಯಾಲ್ಮಾರ್ ಶಾಖ್ಟ್ ಆ ಮಿತಿಯನ್ನು ಮೀರಲು ಯಾರಿಗೂ ಬಿಡಲಿಲ್ಲ. ಒಂದು ರೆಂಟನ್‌ಮಾರ್ಕ್‌ಗೆ ಒಂದು ಲಕ್ಷ ಕೋಟಿ ಹಳೆಯ ಮಾರ್ಕ್ ಎಂಬ ಲೆಕ್ಕದಲ್ಲಿ ಹನ್ನೆರಡು ಸೊನ್ನೆಗಳು ಅಳಿಸಿಹೋದವು. ಮರುವರ್ಷ ಅದೇ ಮೌಲ್ಯದ ರೈಖ್ಸ್‌ಮಾರ್ಕ್ ಬಂತು.

ಸೊನ್ನೆ ಅಳಿಸಿದ ಮಾತ್ರಕ್ಕೆ ಬಂಡವಾಳ ಹುಟ್ಟುವುದಿಲ್ಲ. ಅದನ್ನು ತಂದದ್ದು 1924ರ ಡಾವ್ಸ್ ಯೋಜನೆ. ಅಮೆರಿಕದ ಬ್ಯಾಂಕರ್ ಚಾರ್ಲ್ಸ್ ಡಾವ್ಸ್ ಅಧ್ಯಕ್ಷತೆಯ ಸಮಿತಿ ಪರಿಹಾರದ ಒಟ್ಟು ಮೊತ್ತವನ್ನು ಮುಟ್ಟದೆ ಕಂತುಗಳನ್ನಷ್ಟೇ ಸಡಿಲಿಸಿ, ಮೊದಲ ವರ್ಷ 100 ಕೋಟಿ ಮಾರ್ಕ್‌ನಿಂದ ಆರಂಭಿಸಿ ಐದನೆಯ ವರ್ಷಕ್ಕೆ 250 ಕೋಟಿಗೆ ಏರುವ ವ್ಯವಸ್ಥೆ ಮಾಡಿತು. ಆರಂಭದ ಆಸರೆಗೆ 80 ಕೋಟಿ ಚಿನ್ನದ ಮಾರ್ಕ್‌ಗಳ ವಿದೇಶಿ ಸಾಲವನ್ನೂ ಕೊಡಿಸಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎತ್ತಿದ್ದು ಅಮೆರಿಕದಲ್ಲಿ. ಆ ಸಾಲ ಮುಂದೆ ಬಂದ ಖಾಸಗಿ ಸಾಲಗಳ ಪ್ರವಾಹಕ್ಕೆ ತೂಬು ತೆರೆದಂತಾಯಿತು. ಜರ್ಮನಿಯಲ್ಲಿ ಬಡ್ಡಿ ಹೆಚ್ಚು, ನ್ಯೂಯಾರ್ಕಿನಲ್ಲಿ ಹಣ ಹೆಚ್ಚು; ಹೀಗಾಗಿ ಕಂಪನಿಗಳು, ಬ್ಯಾಂಕುಗಳು, ನಗರಸಭೆಗಳು ಎಲ್ಲವೂ ಸಾಲ ತಂದವು.

ಆ ಹಣ ಪೋಲಾಯಿತು ಎಂಬುದು ಅರ್ಧಸತ್ಯ. ಕೈಗಾರಿಕಾ ಉತ್ಪಾದನೆ 1927ರಲ್ಲಿ ಯುದ್ಧಪೂರ್ವದ 1913ರ ಮಟ್ಟವನ್ನು ಮುಟ್ಟಿತು. ರಾಸಾಯನಿಕ ಕಂಪನಿಗಳು 1925ರ ಕೊನೆಯಲ್ಲಿ ಐ.ಜಿ. ಫಾರ್ಬೆನ್ ಎಂದು ಒಂದಾದವು, ಮರುವರ್ಷ ಉಕ್ಕಿನ ದೊಡ್ಡ ಕಂಪನಿಗಳು ಕೂಡಿಕೊಂಡವು. ಕೂಲಿಯೂ ಏರಿತು. 1923ರ ಅಕ್ಟೋಬರ್ 29ರಂದು ಬರ್ಲಿನ್ನಿನಲ್ಲಿ ಮೊದಲ ರೇಡಿಯೊ ಪ್ರಸಾರವಾದಾಗ ಕೇಳುಗರೇ ಇರಲಿಲ್ಲವೆನ್ನಬಹುದಾಗಿದ್ದ ದೇಶದಲ್ಲಿ 1929ರ ಕೊನೆಗೆ ತಿಂಗಳಿಗೆ ಎರಡು ಮಾರ್ಕ್ ಶುಲ್ಕ ಕಟ್ಟುವ ಸುಮಾರು 30 ಲಕ್ಷ ಪರವಾನಗಿದಾರರಿದ್ದರು. 1925ರ ಜನಗಣತಿಯಂತೆ ಸುಮಾರು 1.15 ಕೋಟಿ ಮಹಿಳೆಯರು ದುಡಿಯುತ್ತಿದ್ದರು. ಬೆರಳಚ್ಚು ಯಂತ್ರದ ಮುಂದೆ, ಅಂಗಡಿಯ ಕಟ್ಟೆಯ ಹಿಂದೆ ಕೂತ ಯುವತಿ ಆ ಕಾಲದ ಚಿತ್ರಪತ್ರಿಕೆಗಳ ಮುಖಪುಟಕ್ಕೆ ಬಂದಳು. ಅದೇ ಸರ್ಕಾರ 1923ರ ಮಿತವ್ಯಯದ ಆಜ್ಞೆಯಲ್ಲಿ ಮದುವೆಯಾದ ಸರ್ಕಾರಿ ನೌಕರಳನ್ನು ಕೆಲಸದಿಂದ ತೆಗೆಯಲು ಅವಕಾಶ ಮಾಡಿಕೊಂಡಿತ್ತು ಎಂಬುದನ್ನು ಮುಖಪುಟದ ಚಿತ್ರ ಹೇಳುವುದಿಲ್ಲ.

ಮನೆಗಳ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರ ಹಣಕಾಸಿನ ಮೂಲವೇ ನಾನು ಮುಂದೆ ಹೇಳಲಿರುವ ಗಾಯಕ್ಕೆ ತಾಗಿಕೊಂಡಿದೆ. ಯುದ್ಧಕ್ಕೆ ಮೊದಲು ಅಡಮಾನ ಸಾಲ ತೆಗೆದು ಮನೆ ಕಟ್ಟಿಸಿದ್ದವರ ಸಾಲವೆಲ್ಲ ಹಣದುಬ್ಬರದಲ್ಲಿ ತೊಳೆದುಹೋಗಿ, ಮನೆ ಮಾತ್ರ ಅವರ ಕೈಯಲ್ಲಿ ಉಳಿದಿತ್ತು. ಈ ಅನಾಯಾಸ ಲಾಭದ ಮೇಲೆ ಸರ್ಕಾರ 1924ರಲ್ಲಿ ಮನೆಬಾಡಿಗೆಯ ತೆರಿಗೆಯೊಂದನ್ನು ಹಾಕಿ, ಅದರ ಒಂದು ಭಾಗವನ್ನು ಹೊಸ ವಸತಿ ನಿರ್ಮಾಣಕ್ಕೆ ಮೀಸಲಿಟ್ಟಿತು. 1927ರಿಂದ 1930ರವರೆಗೆ ವರ್ಷಕ್ಕೆ ಸುಮಾರು ಮೂರು ಲಕ್ಷ ಮನೆಗಳು ಎದ್ದವು. ಫ್ರಾಂಕ್‌ಫರ್ಟ್ ನಗರದಲ್ಲಿ ವಾಸ್ತುಶಿಲ್ಪಿ ಅರ್ನ್ಸ್ಟ್ ಮೈ ಐದು ವರ್ಷಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿಸಿದರು. ಅವುಗಳಿಗಾಗಿ ಮಾರ್ಗರೇಟೆ ಶುಟ್ಟೆ-ಲಿಹೋಟ್ಸ್‌ಕಿ ರೂಪಿಸಿದ, 1.9 ಮೀಟರ್ ಅಗಲ 3.4 ಮೀಟರ್ ಉದ್ದದ ಅಡುಗೆಮನೆ ಇಂದು ನಮ್ಮ ನಗರಗಳ ಫ್ಲ್ಯಾಟುಗಳಲ್ಲಿ ಕಾಣುವ ಜೋಡಿಸಿದ ಅಡುಗೆಮನೆಯ ಅಜ್ಜಿ. ಬರ್ಲಿನ್ನಿನ ಬ್ರಿಟ್ಸ್ ಬಡಾವಣೆಯಲ್ಲಿ ಬ್ರೂನೊ ಟಾಟ್ ಕುದುರೆಲಾಳದ ಆಕಾರದಲ್ಲಿ ಕಟ್ಟಿದ ವಸತಿ ಈಗ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. (ಈ ಟಾಟ್ ಅವರ ಬಳಿ ಬರ್ಲಿನ್ನಿನಲ್ಲಿ ಕಲಿತ ಆಟೊ ಕೋನಿಗ್ಸ್‌ಬರ್ಗರ್ ಎಂಬ ಯಹೂದಿ ತರುಣ 1933ರಲ್ಲಿ ದೇಶ ಬಿಡಬೇಕಾಗಿ ಬಂದು, 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರವು; ನಿಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬಹುದು.) ಹೊಸ ಮನೆಗಳ ಬಾಡಿಗೆ ಮಾತ್ರ ಕುಶಲ ಕಾರ್ಮಿಕ ಮತ್ತು ಗುಮಾಸ್ತರ ಕೈಗೆ ಎಟುಕುವಂತಿತ್ತೇ ಹೊರತು ಕೂಲಿಯವನ ಕೈಗಲ್ಲ.

1927ರ ಜುಲೈಯಲ್ಲಿ ಸಂಸತ್ತು ಭಾರಿ ಬಹುಮತದಿಂದ ಅಂಗೀಕರಿಸಿದ ನಿರುದ್ಯೋಗ ವಿಮೆ ಈ ಅವಧಿಯ ದೊಡ್ಡ ಸಾಮಾಜಿಕ ಸಾಧನೆ. ಸಂಬಳದ ಶೇ. 3ನ್ನು ಮಾಲೀಕರೂ ನೌಕರರೂ ಅರ್ಧರ್ಧ ಕಟ್ಟುವ ಈ ಯೋಜನೆ ಒಂದೂವರೆ ಕೋಟಿಗೂ ಮೀರಿದ ದುಡಿಯುವವರನ್ನು ಒಳಗೊಂಡಿತ್ತು. ಅದನ್ನು ತಂದ ಕಾರ್ಮಿಕ ಮಂತ್ರಿ ಹೈನ್ರಿಖ್ ಬ್ರೌನ್ಸ್ ಕ್ಯಾಥೊಲಿಕ್ ಪಾದ್ರಿಯಾಗಿದ್ದರು, ಆಗ ಅಧಿಕಾರದಲ್ಲಿದ್ದದ್ದು ಬಲಕ್ಕೆ ವಾಲಿದ ಸಮ್ಮಿಶ್ರ ಸರ್ಕಾರ. ವೈಮಾರ್ ಗಣರಾಜ್ಯದಲ್ಲಿ ಪಕ್ಷಗಳಿಗೆ ಒಂದಾಗಿ ಏನನ್ನೂ ಮಾಡಲು ಬರುತ್ತಿರಲಿಲ್ಲವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಆದರೆ ಈ ನಿಧಿಯನ್ನು ಸುಮಾರು ಎಂಟು ಲಕ್ಷ ನಿರುದ್ಯೋಗಿಗಳ ಲೆಕ್ಕಕ್ಕೆ ಹೊಲಿಯಲಾಗಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ.

ಈಗ ಗಾಯಕ್ಕೆ ಬರೋಣ. ಹಣದುಬ್ಬರದ ಬಗ್ಗೆ ಮಾತಾಡುವವರೆಲ್ಲ ಕೈಗಾಡಿಯಲ್ಲಿ ನೋಟು ತಳ್ಳಿಕೊಂಡು ಬ್ರೆಡ್ಡಿಗೆ ಹೋಗುವ ಚಿತ್ರವನ್ನು ತೋರಿಸುತ್ತಾರೆ. ಆ ಕಷ್ಟ ಕೆಲವು ತಿಂಗಳುಗಳದು, ನವೆಂಬರ್ ಕಳೆದ ಮೇಲೆ ಅದು ಮುಗಿಯಿತು. ಮುಗಿಯದೆ ಉಳಿದದ್ದು ಬೇರೆ: ಹಣ ನಿಂತ ಮೇಲೆ ಹಳೆಯ ಸಾಲಗಳ ಗತಿಯೇನು? 1913ರಲ್ಲಿ ಶಾಲಾಮಾಸ್ತರರೊಬ್ಬರ ವಿಧವೆ ತನ್ನ 10,000 ಮಾರ್ಕ್ ಉಳಿತಾಯವನ್ನು ಮನೆಯೊಂದರ ಅಡಮಾನದ ಮೇಲೆ ಬಡ್ಡಿಗೆ ಕೊಟ್ಟಿದ್ದಳು ಎಂದಿಟ್ಟುಕೊಳ್ಳಿ. ಅಂದು ಅದು ಚಿನ್ನದ ಬೆಲೆಯ ಹಣ, ಮುದಿವಯಸ್ಸಿನ ಆಧಾರ. 1923ರಲ್ಲಿ ಸಾಲಗಾರ ಒಂದು ಅಂಚೆಚೀಟಿಯ ಬೆಲೆಗೂ ಸಮನಲ್ಲದ 10,000 ಕಾಗದದ ಮಾರ್ಕ್ ಕಳಿಸಿ ‘ಸಾಲ ತೀರಿತು’ ಎಂದು ಬರೆಯಬಹುದಾಗಿತ್ತು, ಮತ್ತು ‘ಮಾರ್ಕ್ ಎಂದರೆ ಮಾರ್ಕ್’ ಎಂಬ ಕಾನೂನು ಅವನ ಪರವಾಗಿತ್ತು. ಸಾಲಗಾರರಲ್ಲೆಲ್ಲ ದೊಡ್ಡವನು ಸ್ವತಃ ಸರ್ಕಾರ. ಯುದ್ಧಕ್ಕಾಗಿ ಅದು ಎತ್ತಿದ್ದ ಸುಮಾರು 15,400 ಕೋಟಿ ಮಾರ್ಕ್ ಸಾಲ 1923ರ ನವೆಂಬರಿನಲ್ಲಿ 1914ರ ಮೌಲ್ಯದಲ್ಲಿ 15.4 ಫೆನಿಗ್, ಅಂದರೆ ಒಂದು ಮಾರ್ಕಿನ ಆರನೆಯ ಒಂದು ಭಾಗಕ್ಕೂ ಕಡಿಮೆ, ಆಗಿತ್ತು. ದೇಶಭಕ್ತಿಯೆಂದು ನಂಬಿ ಯುದ್ಧದ ಸಾಲಪತ್ರ ಕೊಂಡವರ ಹಣದಿಂದಲೇ ಸರ್ಕಾರ ಋಣಮುಕ್ತವಾಯಿತು.

ಇಲ್ಲಿ ನ್ಯಾಯಾಲಯ ಅನಿರೀಕ್ಷಿತವಾಗಿ ಮಧ್ಯೆ ಬಂತು. 1923ರ ನವೆಂಬರ್ 28ರಂದು ಲೈಪ್ಜಿಗ್‌ನಲ್ಲಿದ್ದ ಸರ್ವೋಚ್ಚ ನ್ಯಾಯಾಲಯ, ಬೆಲೆಯಿಲ್ಲದ ಕಾಗದ ಕೊಟ್ಟು ಅಡಮಾನ ಬಿಡಿಸಿಕೊಳ್ಳುವುದು ವ್ಯವಹಾರದ ನಂಬಿಕೆಗೆ ವಿರುದ್ಧ ಎಂದು ತೀರ್ಪಿತ್ತಿತು. ಈ ತತ್ವವನ್ನು ಸರ್ಕಾರ ಕಾಯಿದೆ ಮಾಡಿ ತಳ್ಳಿಹಾಕುವುದು ಸಲ್ಲದೆಂದು ಅಲ್ಲಿನ ನ್ಯಾಯಾಧೀಶರ ಸಂಘ 1924ರ ಜನವರಿಯಲ್ಲಿ ಬಹಿರಂಗವಾಗಿಯೇ ಎಚ್ಚರಿಸಿತು. ಗಣರಾಜ್ಯವನ್ನು ಮನಸ್ಸಿನಲ್ಲೇ ಒಪ್ಪದ, ಚಕ್ರವರ್ತಿಯ ಕಾಲದಲ್ಲಿ ನೇಮಕಗೊಂಡಿದ್ದ ನ್ಯಾಯಾಧೀಶರು ಉಳಿತಾಯಗಾರರ ಪರ ನಿಂತದ್ದರಿಂದ, ಹಳೆಯ ಜರ್ಮನಿ ಪ್ರಾಮಾಣಿಕ, ಹೊಸ ಜರ್ಮನಿ ಮೋಸಗಾರ ಎಂಬ ಭಾವನೆಗೆ ಪುಷ್ಟಿ ಸಿಕ್ಕಿತು. ಯುದ್ಧಕ್ಕೆ ಸಾಲ ಎತ್ತಿದ್ದು ಹಳೆಯ ಜರ್ಮನಿಯೇ ಎಂಬುದು ಮರೆತುಹೋಯಿತು. ಸರ್ಕಾರ 1924ರ ಫೆಬ್ರವರಿಯಲ್ಲಿ ಅಡಮಾನಗಳಿಗೆ ಮೂಲಮೌಲ್ಯದ ಶೇ. 15 ಎಂದು ನಿಗದಿ ಮಾಡಿತು. ಆ ವರ್ಷದ ಎರಡೂ ಚುನಾವಣೆಗಳಲ್ಲಿ ಬಲಪಂಥದ ರಾಷ್ಟ್ರವಾದಿ ಜನತಾ ಪಕ್ಷ ಪೂರ್ತಿ ಹಣ ಕೊಡಿಸುತ್ತೇವೆ ಎಂದು ಊರೂರಿನಲ್ಲಿ ಸಾರಿ ಮತ ಬಾಚಿಕೊಂಡಿತು. 1925ರ ಜನವರಿಯಲ್ಲಿ ಲೂಥರ್ ಸರ್ಕಾರದೊಳಗೆ ಸೇರಿಕೊಂಡ ಮೇಲೆ ಅದೇ ಪಕ್ಷ, ಅದೇ ವರ್ಷದ ಜುಲೈ 16ರ ಕಾಯಿದೆಗೆ ಕೈಯೆತ್ತಿತು: ಅಡಮಾನಕ್ಕೆ ಶೇ. 25, ಅದರ ಅಸಲು 1932ರವರೆಗೆ ಕೇಳುವಂತಿಲ್ಲ. ಸರ್ಕಾರಿ ಸಾಲಪತ್ರಕ್ಕೆ ಶೇ. 2.5. ಮೊದಲಿನಿಂದಲೂ ಪತ್ರಗಳನ್ನು ಇಟ್ಟುಕೊಂಡಿದ್ದವರಿಗೆ ಮಾತ್ರ ಚೀಟಿ ಎತ್ತುವ ಪದ್ಧತಿಯಲ್ಲಿ ಅದರ ಐದು ಪಟ್ಟು ಹಂತಹಂತವಾಗಿ ಸಿಗುವ ಅವಕಾಶವಿತ್ತು. ನಮ್ಮ ವಿಧವೆಗೆ ಅಡಮಾನದಲ್ಲಿ 2,500 ಮಾರ್ಕ್. ಅಷ್ಟೇ ಹಣವನ್ನು ಯುದ್ಧದ ಸಾಲಪತ್ರದಲ್ಲಿಟ್ಟಿದ್ದ ಅವಳ ನೆರೆಯವನಿಗೆ 250, ಅದೃಷ್ಟವಿದ್ದರೆ 1,250.

ಆರ್ಥಿಕವಾಗಿ ನೋಡಿದರೆ ಈ ಕಾಯಿದೆ ಅವಿವೇಕದ್ದಲ್ಲ. ಎಲ್ಲರಿಗೂ ಪೂರ್ತಿ ಕೊಡುವಷ್ಟು ಹಣ ಆ ದೇಶದಲ್ಲಿ ಎಲ್ಲಿಯೂ ಇರಲಿಲ್ಲ; ಯುದ್ಧದಲ್ಲಿ ಸುಟ್ಟುಹೋದ ಸಂಪತ್ತನ್ನು ಯಾವ ನ್ಯಾಯಾಲಯವೂ ಮರಳಿ ತರಲಾರದು. ಹಳೆಯ ಸಾಲದ ಹೊರೆ ಇಳಿದದ್ದರಿಂದಲೇ ಬಜೆಟ್ ಸರಿದೂಗಿತು, ಮನೆಗಳೂ ಎದ್ದವು. ಚೇತರಿಕೆಯೂ ಗಾಯವೂ ಒಂದೇ ಕಾಯಿದೆಯ ಎರಡು ಮುಖಗಳು ಎನ್ನುವುದು ಇದೇ ಅರ್ಥದಲ್ಲಿ. ಕೆಟ್ಟದ್ದು ಕಾಯಿದೆಯಲ್ಲ, ನೂರಕ್ಕೆ ನೂರು ಎಂದು ಭರವಸೆ ಕೊಟ್ಟು ಇಪ್ಪತ್ತೈದಕ್ಕೆ ಒಪ್ಪಿದ ರಾಜಕೀಯ. ಉಳಿತಾಯಗಾರರ ಸಂಘಟನೆಗಳು ಜನಮತಗಣನೆಗೆ ಅರ್ಜಿ ಹಾಕಿದಾಗ, ಇದು ಬಜೆಟ್ಟಿಗೆ ಸೇರಿದ ವಿಷಯವಾದ್ದರಿಂದ ಸಂವಿಧಾನದ ಪ್ರಕಾರ ಸಾಧ್ಯವಿಲ್ಲ ಎಂಬ ಉತ್ತರ ಬಂತು.

1926ರಲ್ಲಿ ಪದಚ್ಯುತ ರಾಜಮನೆತನಗಳ ಆಸ್ತಿಯ ಪ್ರಶ್ನೆ ಎದ್ದಿತು. ಅರಮನೆ, ಕಾಡು, ಜಮೀನುಗಳಿಗಾಗಿ ರಾಜವಂಶಸ್ಥರು ಕೋರ್ಟುಗಳಲ್ಲಿ ಹೂಡಿದ್ದ ದಾವೆಗಳು ಅವರ ಪರವಾಗಿಯೇ ತೀರ್ಮಾನವಾಗುತ್ತಿದ್ದವು. ಪರಿಹಾರವಿಲ್ಲದೆ ಆ ಆಸ್ತಿಯನ್ನು ವಶಪಡಿಸಿಕೊಳ್ಳಬೇಕೆಂದು ಕಮ್ಯುನಿಸ್ಟರೂ ಸೋಷಿಯಲ್ ಡೆಮಾಕ್ರಟರೂ ಅಪರೂಪಕ್ಕೆ ಒಟ್ಟಾಗಿ ತಂದ ಜನಮತಗಣನೆಯಲ್ಲಿ ಜೂನ್ 20ರಂದು ಸುಮಾರು 1.45 ಕೋಟಿ ಜನ ‘ಹೌದು’ ಎಂದರು. ಒಟ್ಟು ಮತದಾರರ ಅರ್ಧದಷ್ಟು, ಅಂದರೆ ಸುಮಾರು ಎರಡು ಕೋಟಿ ಬೇಕಾಗಿದ್ದರಿಂದ ಅದು ಬಿದ್ದುಹೋಯಿತು. ಆದರೆ ಆ ಎರಡು ಪಕ್ಷಗಳು 1924ರ ಡಿಸೆಂಬರ್ ಚುನಾವಣೆಯಲ್ಲಿ ಒಟ್ಟಾಗಿ ಪಡೆದಿದ್ದದ್ದು ಸುಮಾರು 1.06 ಕೋಟಿ ಮತಗಳನ್ನಷ್ಟೇ. ಉಳಿದ ನಲವತ್ತು ಲಕ್ಷದಷ್ಟು ಜನ ಎಲ್ಲಿಂದ ಬಂದರು? ಎಡಪಂಥಕ್ಕೆ ಎಂದೂ ಮತ ಹಾಕದ ಕ್ಯಾಥೊಲಿಕ್ ಕಾರ್ಮಿಕರು, ಸಣ್ಣ ಊರುಗಳ ಗೌರವಸ್ಥ ಮಧ್ಯಮ ವರ್ಗದವರು ಅವರಲ್ಲಿದ್ದರು. ನನ್ನ ಉಳಿತಾಯಕ್ಕೆ ಕಾಲು ಭಾಗ, ರಾಜಕುಮಾರನ ಅರಮನೆಗೆ ಪೂರ್ತಿ ಬೆಲೆಯೇ ಎಂಬ ಸಿಟ್ಟು ಅವರನ್ನು ಅಂದು ಎಡಕ್ಕೆ ತಳ್ಳಿತು. ಸಿಟ್ಟಿಗೆ ಸ್ಥಿರವಾದ ದಿಕ್ಕಿರಲಿಲ್ಲ. ಅದು ಮುಂದೆ ಬೇರೆ ಕಡೆಗೆ ತಿರುಗಿತು.

ಹಳ್ಳಿಗಳ ಲೆಕ್ಕ ಇನ್ನೊಂದು. ಹಣದುಬ್ಬರದಲ್ಲಿ ರೈತರ ಹಳೆಯ ಸಾಲ ತೀರಿತ್ತು, ನಿಜ. ಆದರೆ ಹೊಸ ಹಣ ಬಂದೊಡನೆ ತೆರಿಗೆಯನ್ನು ಗಟ್ಟಿ ಹಣದಲ್ಲೇ ಕಟ್ಟಬೇಕಾಯಿತು, ಬಿತ್ತನೆಗೂ ಗೊಬ್ಬರಕ್ಕೂ ದುಬಾರಿ ಬಡ್ಡಿಗೆ ಹೊಸ ಸಾಲ ಎತ್ತಬೇಕಾಯಿತು, ಅಷ್ಟರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಫಸಲಿನ ಬೆಲೆ ಇಳಿಯತೊಡಗಿತು. ಸಾಲ ಕಟ್ಟಲಾಗದವರ ದನಕರು, ಹೊಲಮನೆ ಹರಾಜಿಗೆ ಬಂದವು. 1928ರ ಜನವರಿ 28ರಂದು, ಅಂದರೆ ನ್ಯೂಯಾರ್ಕಿನ ಕುಸಿತಕ್ಕೆ ಇಪ್ಪತ್ತೊಂದು ತಿಂಗಳು ಮುಂಚೆ, ಉತ್ತರದ ಶ್ಲೆಸ್ವಿಗ್-ಹೋಲ್ಸ್ಟೈನ್ ಪ್ರಾಂತ್ಯದ ಊರುಗಳಲ್ಲಿ ಒಂದೇ ದಿನ ಸುಮಾರು 1.4 ಲಕ್ಷ ರೈತರು ಬೀದಿಗಿಳಿದರು. ಅವರ ಚಳವಳಿ ಮರುವರ್ಷ ತೆರಿಗೆ ನಿರಾಕರಣೆಗೂ ಸರ್ಕಾರಿ ಕಚೇರಿಗಳಿಗೆ ಬಾಂಬ್ ಇಡುವ ಮಟ್ಟಕ್ಕೂ ಹೋಯಿತು. ಇದನ್ನು ಮೊದಲು ಮೂಸಿ ನೋಡಿದವರಲ್ಲಿ ಹಿಟ್ಲರ್ ಒಬ್ಬ. ಭೂಮಿಯನ್ನು ಪರಿಹಾರವಿಲ್ಲದೆ ವಶಪಡಿಸಿಕೊಳ್ಳುವ ತನ್ನ ಪಕ್ಷದ ಕಾರ್ಯಕ್ರಮದ 17ನೆಯ ಅಂಶ ಯಹೂದಿ ಭೂವ್ಯಾಪಾರಿ ಕಂಪನಿಗಳಿಗಷ್ಟೇ ಅನ್ವಯಿಸುತ್ತದೆ ಎಂದು ಅವನು ಆ ಏಪ್ರಿಲ್‌ನಲ್ಲಿ ‘ಸ್ಪಷ್ಟೀಕರಣ’ ಕೊಟ್ಟ. ರೈತನಿಗೆ ಭಯ ಬೇಡ, ದ್ವೇಷ ಸಾಕು ಎಂಬುದು ಅದರ ತಾತ್ಪರ್ಯ.

ಈಗ 1928ರ ಮೇ 20ರ ಚುನಾವಣೆಯ ಪಟ್ಟಿಯನ್ನು ತೆಗೆದು ನೋಡಿ. ಪಠ್ಯಪುಸ್ತಕ ಇದರಿಂದ ಎರಡೇ ಸಂಖ್ಯೆಗಳನ್ನು ಎತ್ತಿಕೊಳ್ಳುತ್ತದೆ: ಸೋಷಿಯಲ್ ಡೆಮಾಕ್ರಟರು ಶೇ. 29.8, ನಾಜಿಗಳು ಶೇ. 2.6. ಗಣರಾಜ್ಯ ಗೆದ್ದಿತು, ಉಗ್ರರು ಸೋತರು ಎಂಬ ಚಿತ್ರ ಬರುತ್ತದೆ. ನಾನು ನೋಡಲು ಹೇಳುವುದು ಅವೆರಡರ ನಡುವಿನ ಸಾಲುಗಳನ್ನು. ಸಂವಿಧಾನ ರೂಪಿಸಿದ ಉದಾರವಾದಿ ಡೆಮಾಕ್ರಟಿಕ್ ಪಕ್ಷ 1919ರಲ್ಲಿ ಶೇ. 18.5 ಇದ್ದದ್ದು ಈಗ ಶೇ. 5ಕ್ಕೂ ಕೆಳಗಿಳಿದಿತ್ತು. ಸ್ಟ್ರೆಸೆಮನ್ ಅವರ ಜನತಾ ಪಕ್ಷ 1920ರ ಶೇ. 13.9ರಿಂದ 8.7ಕ್ಕೆ ಬಂದಿತ್ತು. ಲೊಕಾರ್ನೊ ಒಪ್ಪಂದ ಮಾಡಿಸಿ, ದೇಶವನ್ನು ರಾಷ್ಟ್ರಸಂಘಕ್ಕೆ ಸೇರಿಸಿ, 1926ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಫ್ರಾನ್ಸಿನ ಬ್ರಿಯಾಂಡ್ ಜೊತೆ ಹಂಚಿಕೊಂಡ ವಿದೇಶಾಂಗ ಮಂತ್ರಿಯ ಪಕ್ಷ ಅದು. ಮಾತು ತಪ್ಪಿದ ರಾಷ್ಟ್ರವಾದಿಗಳು 1924ರ ಡಿಸೆಂಬರಿನ ಶೇ. 20.5ರಿಂದ 14.2ಕ್ಕೆ ಕುಸಿದಿದ್ದರು. ಈ ಮತಗಳೆಲ್ಲ ಎಲ್ಲಿ ಹೋದವು? ಮನೆಮಾಲೀಕರು ಮತ್ತು ಸಣ್ಣ ವ್ಯಾಪಾರಿಗಳ ‘ಆರ್ಥಿಕ ಪಕ್ಷ’ 23 ಸ್ಥಾನ ಪಡೆದಿತ್ತು. ಉಳಿತಾಯಗಾರರು ತಮ್ಮದೇ ಒಂದು ಪಕ್ಷ ಕಟ್ಟಿಕೊಂಡು ಎರಡು ಸ್ಥಾನ ಗೆದ್ದಿದ್ದರು. ರೈತರ ಪಕ್ಷಗಳು ಬೇರೆ. ಸಣ್ಣಪುಟ್ಟ ಪಕ್ಷಗಳ ಒಟ್ಟು ಪಾಲು ಎರಡು ಉದಾರವಾದಿ ಪಕ್ಷಗಳನ್ನು ಕೂಡಿಸಿದಷ್ಟೇ ಆಗಿತ್ತು. ಒಂದೊಂದು ವೃತ್ತಿಗೆ, ಒಂದೊಂದು ಅಳಲಿಗೆ ಒಂದೊಂದು ಪಕ್ಷ. ಈ ಮತದಾರರು 1928ರಲ್ಲಿ ನಾಜಿಗಳಾಗಿರಲಿಲ್ಲ. ಆದರೆ ಯಾರ ಅಂಗಳದಲ್ಲೂ ಇರಲಿಲ್ಲ.

ಸರ್ಕಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 1923ರ ನವೆಂಬರ್ ಕೊನೆಯಿಂದ 1930ರ ಮಾರ್ಚ್‌ವರೆಗೆ ಏಳು ಸಂಪುಟಗಳು ಬಂದುಹೋದವು. ಲೂಥರ್ ಅವರ ಎರಡನೆಯ ಸಂಪುಟ ಯಾವ ಬಾವುಟ ಹಾರಿಸಬೇಕೆಂಬ ಜಗಳದಲ್ಲೇ ಬಿತ್ತು. ಅದೇ ಹೊತ್ತಿನಲ್ಲಿ ದೇಶದ ಸುಮಾರು ಐದರಲ್ಲಿ ಮೂರು ಪಾಲು ಜನರಿದ್ದ ಪ್ರಷ್ಯಾ ರಾಜ್ಯವನ್ನು ಸೋಷಿಯಲ್ ಡೆಮಾಕ್ರಟ್ ಆಟೊ ಬ್ರೌನ್ 1920ರಿಂದ ಹೆಚ್ಚುಕಡಿಮೆ ಎಡೆಬಿಡದೆ ನಡೆಸುತ್ತಿದ್ದರು, ಆದ್ದರಿಂದ ಅಸ್ಥಿರತೆ ಜರ್ಮನರ ರಕ್ತದಲ್ಲಿತ್ತು ಎಂಬ ಮಾತನ್ನು ತರಗತಿಯಲ್ಲಿ ಹೇಳಬೇಡಿ. ಹೆಚ್ಚು ದೂರದ ಪರಿಣಾಮ ಬೀರಿದ್ದು 1925ರ ಅಧ್ಯಕ್ಷ ಚುನಾವಣೆ. ಮೊದಲ ಅಧ್ಯಕ್ಷ ಎಬರ್ಟ್ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ ಏಪ್ರಿಲ್ 26ರ ಎರಡನೆಯ ಸುತ್ತಿನಲ್ಲಿ 77 ವರ್ಷದ ಮಾಜಿ ಸೇನಾನಿ ಹಿಂಡನ್‌ಬರ್ಗ್ 1.466 ಕೋಟಿ ಮತ ಪಡೆದು, ಮಧ್ಯಮ ಮತ್ತು ಸೋಷಿಯಲ್ ಡೆಮಾಕ್ರಟ್ ಪಕ್ಷಗಳ ಒಮ್ಮತದ ಅಭ್ಯರ್ಥಿ ವಿಲ್ಹೆಲ್ಮ್ ಮಾರ್ಕ್ಸ್ ಅವರನ್ನು ಸುಮಾರು ಒಂಬತ್ತು ಲಕ್ಷ ಮತಗಳಿಂದ ಸೋಲಿಸಿದರು. ಕಮ್ಯುನಿಸ್ಟ್ ಅಭ್ಯರ್ಥಿ ಟೇಲ್‌ಮನ್ ಕಣದಲ್ಲಿ ಉಳಿದು 19 ಲಕ್ಷ ಮತ ಒಯ್ದರು. ಮಾರ್ಕ್ಸ್ ಸ್ವತಃ ಕ್ಯಾಥೊಲಿಕ್ ಆಗಿದ್ದರೂ ಬವೇರಿಯಾದ ಕ್ಯಾಥೊಲಿಕ್ ಪಕ್ಷ, ಅವರ ಹಿಂದೆ ಸಮಾಜವಾದಿಗಳಿದ್ದಾರೆಂಬ ಕಾರಣಕ್ಕೆ, ಪ್ರಾಟೆಸ್ಟಂಟ್ ಸೇನಾನಿಯ ಕೈ ಹಿಡಿಯಿತು. ಸಂಸತ್ತನ್ನು ಬದಿಗಿಟ್ಟು ಆಜ್ಞೆಗಳ ಮೂಲಕ ಆಳಲು ಅವಕಾಶ ಕೊಡುವ 48ನೆಯ ವಿಧಿ ಹೀಗೆ ಗಣರಾಜ್ಯವನ್ನು ಒಲ್ಲದವನ ಮೇಜಿನ ಮೇಲೆ ಬಂದು ಕೂತಿತು.

ಇನ್ನು ‘ಒಂದೇ ಏಟಿಗೆ’ ಎಂಬ ಮಾತು. ಜರ್ಮನಿಯ ಆರ್ಥಿಕತೆ ತಗ್ಗಲಾರಂಭಿಸಿದ್ದು ನ್ಯೂಯಾರ್ಕಿಗಿಂತ ಮೊದಲು. 1928ರಿಂದಲೇ ಅಮೆರಿಕದ ಹಣ ತನ್ನದೇ ದೇಶದ ಷೇರುಪೇಟೆಯ ಆಕರ್ಷಣೆಗೆ ಸಿಕ್ಕಿ ಜರ್ಮನಿಗೆ ಬರುವುದು ಕಡಿಮೆಯಾಯಿತು. ಬಂದಿದ್ದ ಸಾಲದಲ್ಲಿ ದೊಡ್ಡ ಪಾಲು ಕೆಲವೇ ತಿಂಗಳ ಅವಧಿಯದು. ಅದನ್ನು ಹಿಂದೆ ಕೇಳಿದರೆ ಆರ್ಥಿಕತೆಯ ದೊಡ್ಡ ಭಾಗವೇ ಕುಸಿಯುತ್ತದೆ ಎಂದು ಸ್ಟ್ರೆಸೆಮನ್ ಆ ವರ್ಷವೇ ಎಚ್ಚರಿಸಿದ್ದರು. ಆ ನವೆಂಬರಿನಲ್ಲಿ ರೂರ್‌ನ ಉಕ್ಕಿನ ಮಾಲೀಕರು ಸರ್ಕಾರಿ ಮಧ್ಯಸ್ಥಗಾರರ ಕೂಲಿ ತೀರ್ಪನ್ನು ಒಪ್ಪದೆ ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಕಾರ್ಖಾನೆಯ ಗೇಟು ಮುಚ್ಚಿದರು, ಅಂದರೆ ಮೇಲಿನವರೂ ಗಣರಾಜ್ಯದ ಒಪ್ಪಂದದಿಂದ ಹೊರಗೆ ಕಾಲಿಡುತ್ತಿದ್ದರು. ಕೂಲಿ ಉತ್ಪಾದಕತೆಗಿಂತ ವೇಗವಾಗಿ ಏರಿತ್ತು, ಆರ್ಥಿಕತೆ ಆಗಲೇ ರೋಗಗ್ರಸ್ತವಾಗಿತ್ತು ಎಂದು ವಾದಿಸುವ ಇತಿಹಾಸಕಾರರಿದ್ದಾರೆ. ಹೂಡಿಕೆ ದುರ್ಬಲವಾಗಿತ್ತೆಂಬ ಅವರ ಮಾತನ್ನು ನಾನು ಒಪ್ಪುತ್ತೇನೆ. ಅದರ ಹೊಣೆಯನ್ನೆಲ್ಲ ಕೂಲಿಯವರ ತಲೆಗೆ ಕಟ್ಟುವುದನ್ನು ಒಪ್ಪುವುದಿಲ್ಲ, ಬಡ್ಡಿಯ ದರವೂ ಕಾರ್ಟೆಲ್‌ಗಳು (ಬೆಲೆ ಇಳಿಯದಂತೆ ಒಳಒಪ್ಪಂದ ಮಾಡಿಕೊಂಡ ಕಂಪನಿಗಳ ಕೂಟಗಳು) ಹಿಡಿದಿಟ್ಟ ಬೆಲೆಗಳೂ ಅಷ್ಟೇ ಕಾರಣ. 1929ರ ಫೆಬ್ರವರಿಯ ಭೀಕರ ಚಳಿಯಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷದ ಆಸುಪಾಸಿಗೆ ಮುಟ್ಟಿತು. ಎಂಟು ಲಕ್ಷಕ್ಕೆ ಹೊಲಿದ ವಿಮೆಯ ಅಂಗಿ ಹರಿಯಿತು. ವಿಮೆಯ ವಂತಿಗೆಯನ್ನು ಎಷ್ಟಕ್ಕೆ ಏರಿಸಬೇಕು ಎಂಬ ಒಂದು ಶೇಕಡಾಕ್ಕೂ ಕಡಿಮೆಯ ಜಗಳದಲ್ಲಿ 1930ರ ಮಾರ್ಚ್ 27ರಂದು ಚಾನ್ಸಲರ್ ಹರ್ಮನ್ ಮ್ಯುಲ್ಲರ್ ಅವರ ಸರ್ಕಾರ ಬಿತ್ತು. ಸಂಸತ್ತಿನಲ್ಲಿ ಬಹುಮತವುಳ್ಳ ಕೊನೆಯ ವೈಮಾರ್ ಸರ್ಕಾರ ಅದೇ. ಪಕ್ಷಗಳ ನಡುವೆ ಸೇತುವೆಯಾಗಿದ್ದ ಸ್ಟ್ರೆಸೆಮನ್ ಅಷ್ಟರಲ್ಲಿ ಇರಲಿಲ್ಲ. ಅಕ್ಟೋಬರ್ 3ರಂದು, ಷೇರುಪೇಟೆ ಕುಸಿಯುವ ಮೂರು ವಾರ ಮೊದಲು ತೀರಿಕೊಂಡಿದ್ದರು.

ಹಾಗಾದರೆ ಹಣದುಬ್ಬರ ಹಿಟ್ಲರನನ್ನು ತಂದಿತೇ? ನೇರವಾಗಿ ಅಲ್ಲ. ಹಣದುಬ್ಬರದ ತುತ್ತತುದಿಯಲ್ಲಿ ಅವನು ಮ್ಯೂನಿಕ್‌ನಲ್ಲಿ ಮಾಡಿದ ದಂಗೆ ಒಂದು ರಾತ್ರಿಯೊಳಗೆ ವಿಫಲವಾಯಿತು, ಅವನು ಜೈಲಿಗೆ ಹೋದ, 1924ರ ಡಿಸೆಂಬರಿನಲ್ಲಿ ಅವನ ಕಡೆಯವರಿಗೆ ಸಿಕ್ಕಿದ್ದು ಶೇ. 3. ಹಣದುಬ್ಬರ ಮಾಡಿದ್ದು ಮತದಾರರ ಒಂದು ದೊಡ್ಡ ವರ್ಗವನ್ನು ಅವರ ಪಕ್ಷಗಳಿಂದ ಬಿಡಿಸಿದ ಕೆಲಸ. ಅವರನ್ನು ಒಂದೆಡೆ ಗುಡ್ಡೆ ಹಾಕಿದ್ದು ಆಮೇಲಿನ ಬಿಕ್ಕಟ್ಟು. ನಿರುದ್ಯೋಗಿಗಳೇ ನಾಜಿಗಳಿಗೆ ಮತ ಹಾಕಿದರು ಎಂಬ ಇನ್ನೊಂದು ಸರಳೀಕರಣವನ್ನೂ ಬಿಡಿ. ಕೆಲಸ ಕಳೆದುಕೊಂಡ ಕಾರ್ಮಿಕ ಹೆಚ್ಚಾಗಿ ಕಮ್ಯುನಿಸ್ಟರ ಕಡೆ ಹೋದ. ನಾಜಿಗಳ ಬೆಳೆ ಹುಲುಸಾಗಿ ಬಂದದ್ದು ಪ್ರಾಟೆಸ್ಟಂಟ್ ಹಳ್ಳಿ ಮತ್ತು ಸಣ್ಣ ಊರುಗಳಲ್ಲಿ. 1928ರಲ್ಲಿ ದೇಶದಲ್ಲೆಲ್ಲ 8.1 ಲಕ್ಷವಿದ್ದ ಅವರ ಮತ 1930ರ ಸೆಪ್ಟೆಂಬರ್ 14ರಂದು 64 ಲಕ್ಷವಾಯಿತು, 12 ಸ್ಥಾನ 107 ಆಯಿತು. ಅಂದು ಅವರಿಗೆ ಅತಿ ಹೆಚ್ಚಿನ ಪಾಲು ಕೊಟ್ಟ ಕ್ಷೇತ್ರ ಬರ್ಲಿನ್ ಅಲ್ಲ, ರೂರ್ ಅಲ್ಲ, ಹಿಟ್ಲರ್ ರಾಜಕೀಯ ಆರಂಭಿಸಿದ ಮ್ಯೂನಿಕ್ ಕೂಡ ಅಲ್ಲ. ಎರಡು ವರ್ಷ ಹಿಂದೆ ರೈತರು ಬೀದಿಗಿಳಿದಿದ್ದ ಶ್ಲೆಸ್ವಿಗ್-ಹೋಲ್ಸ್ಟೈನ್: 1928ರಲ್ಲಿ ಶೇ. 4, 1930ರಲ್ಲಿ ಶೇ. 27.

ನಿಮ್ಮ ತರಗತಿಗೆ ನನ್ನ ಸಲಹೆಯಿಷ್ಟೆ. ‘ಸುವರ್ಣ ವರ್ಷಗಳು’ ಎಂಬ ಮಾತನ್ನು ಅಳಿಸಬೇಕಾಗಿಲ್ಲ, ಫ್ರಾಂಕ್‌ಫರ್ಟಿನ ಹೊಸ ಮನೆಗೆ ಬಂದ ಗುಮಾಸ್ತನ ಹೆಂಡತಿಗೆ ಅದು ನಿಜವೇ. ಅದರ ಪಕ್ಕದಲ್ಲಿ 1919, 1924ರ ಡಿಸೆಂಬರ್, 1928 ಮತ್ತು 1930ರ ಫಲಿತಾಂಶಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ. ಮೇಲಿನ ಮತ್ತು ಕೆಳಗಿನ ಸಾಲುಗಳನ್ನು ಕೈಯಿಂದ ಮುಚ್ಚಿ, ನಡುವಿನ ಪಕ್ಷಗಳನ್ನು ಮಾತ್ರ ಆ ವಿದ್ಯಾರ್ಥಿನಿಗೆ ಓದಲು ಹೇಳಿ.